ಇಂಗ್ಲಿಷ್ ಪತ್ರದಲ್ಲಿ ಪ್ರಶ್ನಚಿಹ್ನೆ ಎಲ್ಲಿ ಬೇಕು, ಎಲ್ಲಿ ಬೇಡ?

ಗೇರುಬೀಜದ ಗುಮಾಸ್ತೆ, ಮಂಗಳೂರು:

ಎಲ್ಲರಿಗೂ ನಮಸ್ಕಾರ. ಮಂಗಳೂರಿನ ಒಂದು ಗೇರುಬೀಜ ರಫ್ತು ಕಚೇರಿಯಲ್ಲಿ ಹನ್ನೊಂದು ವರ್ಷಗಳಿಂದ ಪತ್ರವ್ಯವಹಾರ ನೋಡಿಕೊಳ್ಳುತ್ತಿದ್ದೇನೆ. ಓದಿದ್ದು ಕನ್ನಡ ಮಾಧ್ಯಮದಲ್ಲಿ. ಕಚೇರಿಯ ಇಂಗ್ಲಿಷನ್ನು ಕಲಿತದ್ದು ಹೆಚ್ಚಾಗಿ ಹಳೆಯ ಫೈಲುಗಳಲ್ಲಿದ್ದ ಪತ್ರಗಳನ್ನು ನೋಡಿಕೊಂಡು. ಸ್ಪೆಲ್ಲಿಂಗ್ ತಪ್ಪಿದರೆ ಕಂಪ್ಯೂಟರು ಕೆಂಪು ಗೆರೆ ಎಳೆದು ತೋರಿಸುತ್ತದೆ. ಪ್ರಶ್ನಚಿಹ್ನೆ ತಪ್ಪಿದರೆ ಅದು ಹೆಚ್ಚಿನ ಸಲ ಸುಮ್ಮನಿರುತ್ತದೆ, ಹಾಗೆ ಸುಮ್ಮನಿದ್ದುದರಿಂದ ಆದ ಒಂದು ಪ್ರಸಂಗವನ್ನು ಮೊದಲು ಹೇಳುತ್ತೇನೆ.

ಕಳೆದ ವರ್ಷ ಡಬ್ಲ್ಯೂ 240 ದರ್ಜೆಯ ತಿರುಳಿನ ಸ್ಯಾಂಪಲನ್ನು ಹೊರದೇಶದ ಖರೀದಿದಾರರಿಗೆ ಕಳುಹಿಸಿದ್ದೆವು. (ಗೇರುಬೀಜದ ವ್ಯವಹಾರ ಗೊತ್ತಿಲ್ಲದವರಿಗಾಗಿ: ಒಂದು ಪೌಂಡಿಗೆ 220ರಿಂದ 240ರಷ್ಟು ಇಡೀ ತಿರುಳು ತೂಗುವಷ್ಟು ದಪ್ಪದ ಮಾಲು ಎಂದು ಇದರ ಅರ್ಥ.) ಒಪ್ಪಿಗೆಯಾಯಿತೇ ಎಂದು ವಿಚಾರಿಸುವುದಕ್ಕಾಗಿ ನಾನು ಇಮೇಲಿನ ವಿಷಯದ ಸಾಲಿನಲ್ಲಿ "ಡಬ್ಲ್ಯೂ 240 ಸ್ಯಾಂಪಲ್ ಅಪ್ರೂವ್ಡ್" ಎಂದು ಬರೆದು, ಅಭ್ಯಾಸದಂತೆ ಪ್ಯಾಕಿಂಗ್ ವಿಭಾಗಕ್ಕೂ ಒಂದು ಪ್ರತಿ ಹಾಕಿದೆ. ಕೊನೆಯಲ್ಲಿ ಪ್ರಶ್ನಚಿಹ್ನೆ ಬಿಟ್ಟುಹೋಗಿತ್ತು. ಪ್ಯಾಕಿಂಗಿನ ಸೂಪರ್‌ವೈಸರರು ಅದನ್ನು ಒಪ್ಪಿಗೆಯ ಸುದ್ದಿಯೆಂದೇ ಓದಿಕೊಂಡು, ಮಧ್ಯಾಹ್ನದ ಊಟಕ್ಕೆ ಮೊದಲೇ ಕೆಲಸ ಆರಂಭಿಸಿದರು. ಸಂಜೆ ಖರೀದಿದಾರರ ಉತ್ತರ ಬಂದಾಗ, ಸ್ಯಾಂಪಲಿನಲ್ಲಿ ಹೋಳು ಜಾಸ್ತಿ ಇದೆ, ಮತ್ತೊಮ್ಮೆ ಆರಿಸಿ ಕಳುಹಿಸಿ ಎಂದಿತ್ತು. ಅಷ್ಟರಲ್ಲಿ 22.68 ಕಿಲೋ ತೂಕದ ಕಾರ್ಟನುಗಳು ಗೋಡೆಯುದ್ದಕ್ಕೂ ಸಾಲಾಗಿ ನಿಂತಿದ್ದವು. ಮರುದಿನ ಆರಿಸುವ ಮೇಜಿನ ಹೆಂಗಸರೆಲ್ಲ ಅವುಗಳನ್ನು ಬಿಚ್ಚಿ ಪುನಃ ತಿರುಳು ಆರಿಸುತ್ತಿದ್ದಾಗ ನಾನು ಆ ಕಡೆ ತಲೆ ಹಾಕಲೇ ಇಲ್ಲ.

ಆ ಮೇಲೆ ನಾನು ಎಲ್ಲಿ ಸ್ವಲ್ಪ ಅನುಮಾನ ಬಂದರೂ ಪ್ರಶ್ನಚಿಹ್ನೆ ಹಾಕತೊಡಗಿದೆ. "ಐ ವುಡ್ ಲೈಕ್ ಟು ನೋ ವೆನ್ ವಿಲ್ ದ ವೆಸೆಲ್ ಸೇಲ್?" ಎಂದು ಬರೆದೆ, "ಕೈಂಡ್ಲಿ ಕನ್ಫರ್ಮ್ ದ ಶಿಪ್‌ಮೆಂಟ್ ಡೇಟ್?" ಎಂದೂ ಬರೆದೆ. ಈಗ ನಮ್ಮ ಧಣಿಗಳು ನನ್ನ ಪತ್ರ ನೋಡಿದಾಗಲೆಲ್ಲ "ನಿಮ್ಮದು ವಾಕ್ಯಕ್ಕೊಂದು ಕೊಕ್ಕೆ" ಎಂದು ನಗುತ್ತಾರೆ. ಯಾವುದು ತಪ್ಪು ಎಂದು ಕೇಳಿದರೆ ಅವರಿಗೂ ವಿವರಿಸಲು ಬರುವುದಿಲ್ಲ, "ಕಿವಿಗೆ ಸರಿ ಕೇಳುವುದಿಲ್ಲ" ಎಂದಷ್ಟೇ ಹೇಳುತ್ತಾರೆ. ಇಂಗ್ಲಿಷಿನಲ್ಲಿ ಕಿವಿ ಪಳಗದ ನನ್ನಂಥವರು ಇದನ್ನು ತಿಳಿದುಕೊಳ್ಳುವುದು ಹೇಗೆ? "ಕುಡ್ ಯೂ ಪ್ಲೀಸ್" ಎಂದು ಶುರುವಾಗುವ ವಾಕ್ಯಕ್ಕೆ ಚಿಹ್ನೆ ಬೇಕೇ? ಬೇರೆಯವರ ಮಾತನ್ನು ಉದ್ಧರಿಸುವಾಗ ಅದು ಉದ್ಧರಣ ಚಿಹ್ನೆಯ ಒಳಗೆ ಬರಬೇಕೇ, ಹೊರಗೆ ಬರಬೇಕೇ? ಬಲ್ಲವರು ದಯವಿಟ್ಟು ತಿಳಿಸಬೇಕು.

ನಿವೃತ್ತ ಮಾಸ್ಟ್ರು, ಕುಂಜಿಬೆಟ್ಟು:

ಮೇಡಂ, ನಾನು ಉಡುಪಿ ತಾಲೂಕಿನ ಪ್ರೌಢಶಾಲೆಗಳಲ್ಲಿ ಮೂವತ್ತೊಂದು ವರ್ಷ ಇಂಗ್ಲಿಷ್ ಕಲಿಸಿದವನು. ನಿಮ್ಮ ಎರಡು ತಪ್ಪುಗಳನ್ನೂ ಸಾವಿರಾರು ಉತ್ತರಪತ್ರಿಕೆಗಳಲ್ಲಿ ಕೆಂಪು ಶಾಯಿಯಿಂದ ತಿದ್ದಿದ್ದೇನೆ. ತಿದ್ದಿದ್ದೇನೆಯೇ ವಿನಾ ಅವು ಯಾಕೆ ಆಗುತ್ತವೆ ಎಂದು ಯೋಚಿಸಿದ್ದು ನಿವೃತ್ತನಾಗುವ ಹೊತ್ತಿಗೆ. ಕಾರಣ ಮಕ್ಕಳ ದಡ್ಡತನವಲ್ಲ. ನಮ್ಮ ಭಾಷೆಯ ವಾಕ್ಯ ಮುಗಿಯುವ ರೀತಿಗೂ ಇಂಗ್ಲಿಷಿನ ವಾಕ್ಯ ಮುಗಿಯುವ ರೀತಿಗೂ ಇರುವ ವ್ಯತ್ಯಾಸ.

ಮೊದಲು ನಿಮ್ಮ ಕಾರ್ಟನುಗಳ ವಿಷಯ. ಕನ್ನಡದಲ್ಲಿ "ಊಟ ಆಯಿತೇ" ಎಂದು ಬರೆದು ಮುಂದೆ ಏನನ್ನೂ ಹಾಕದೆ ಬಿಟ್ಟರೂ ಅದು ಪ್ರಶ್ನೆಯೇ, ಏಕೆಂದರೆ ಪ್ರಶ್ನೆ ಇರುವುದು ಆ ಕೊನೆಯ ಏಕಾರದಲ್ಲಿ. ನಮ್ಮ ತುಳುವಿನಲ್ಲಿ "ವಣಸ್ ಆಂಡಾ" ಎನ್ನುವಾಗಲೂ ಹಾಗೆಯೇ, ಕೆಲಸ ಮಾಡುವುದು ಆ ಕೊನೆಯ ದೀರ್ಘ. ಚಿಹ್ನೆ ನಮಗೆ ಮೇಲೊಗ್ಗರಣೆ ಇದ್ದಂತೆ, ಇದ್ದರೆ ಚಂದ, ಇಲ್ಲದಿದ್ದರೂ ಊಟ ನಡೆಯುತ್ತದೆ. ಇಂಗ್ಲಿಷಿನಲ್ಲಿ ಅಂಥ ಪ್ರತ್ಯಯ ಇಲ್ಲ. ಅಲ್ಲಿ ಪ್ರಶ್ನೆಯನ್ನು ಪದಗಳ ಸ್ಥಾನ ಬದಲಿಸಿ ಮಾಡುತ್ತಾರೆ: "ದ ಸ್ಯಾಂಪಲ್ ಈಸ್ ಅಪ್ರೂವ್ಡ್" ಎಂಬುದು ಹೇಳಿಕೆ, "ಈಸ್ ದ ಸ್ಯಾಂಪಲ್ ಅಪ್ರೂವ್ಡ್?" ಎಂಬುದು ಪ್ರಶ್ನೆ. ಸ್ಥಾನ ಬದಲಿಸದೆಯೂ ಪ್ರಶ್ನೆ ಕೇಳಬಹುದು, ಆದರೆ ಆಗ ಇಡೀ ಭಾರ ಆ ಒಂದು ಚಿಹ್ನೆಯ ಮೇಲೆ ಬೀಳುತ್ತದೆ. ತಾಳಮದ್ದಳೆ (ವೇಷ, ಕುಣಿತಗಳಿಲ್ಲದೆ ಕುಳಿತು ಮಾತಿನಲ್ಲೇ ನಡೆಸುವ ಯಕ್ಷಗಾನ) ಕೇಳುವವರಿಗೆ ಇದು ಸುಲಭವಾಗಿ ಅರ್ಥವಾದೀತು. ಅರ್ಥಧಾರಿಯು, ಅಂದರೆ ಪಾತ್ರದ ಮಾತನ್ನು ಆಡುವವನು, ಎದುರಾಳಿಯನ್ನು ನೋಡಿ "ನೀನು ಕ್ಷತ್ರಿಯ" ಎಂದು ಸ್ವರ ಇಳಿಸಿ ಹೇಳಿದರೆ ಅದು ಒಪ್ಪಿಗೆ. ಅದೇ ಎರಡು ಪದಗಳನ್ನು ಸ್ವರ ಏರಿಸಿ ಹೇಳಿದರೆ ಎದುರಿನವನ ಕುಲವನ್ನೇ ಪ್ರಶ್ನಿಸಿದಂತೆ. ಕಾಗದದ ಮೇಲೆ ಸ್ವರವಿಲ್ಲ. ಆ ಏರಿದ ಸ್ವರಕ್ಕೆ ಬದಲಾಗಿ ಇರುವುದೇ ಪ್ರಶ್ನಚಿಹ್ನೆ. ನೀವು ವಿಷಯದ ಸಾಲಿನಲ್ಲಿ "ಈಸ್" ಎಂಬುದನ್ನೂ ಬಿಟ್ಟಿರಿ, ಚಿಹ್ನೆಯನ್ನೂ ಬಿಟ್ಟಿರಿ. ಪ್ರಶ್ನೆಯೆಂದು ಗುರುತಿಸಲು ಸೂಪರ್‌ವೈಸರರಿಗೆ ಏನೂ ಉಳಿಯಲಿಲ್ಲ. ಅವರ ತಪ್ಪಿಲ್ಲ.

ಎರಡನೆಯ ತಪ್ಪು ಇದಕ್ಕೆ ವಿರುದ್ಧವಾದದ್ದು, ನನ್ನ ಮಟ್ಟಿಗೆ ಹೆಚ್ಚು ಸ್ವಾರಸ್ಯವಾದದ್ದೂ ಹೌದು. "ಹಡಗು ಯಾವಾಗ ಹೊರಡುತ್ತದೆ ಎಂದು ತಿಳಿಯಬಯಸುತ್ತೇನೆ" ಎಂದು ನೀವು ಕನ್ನಡದಲ್ಲಿ ಬರೆದಿದ್ದರೆ ಕೊನೆಯಲ್ಲಿ ಪ್ರಶ್ನಚಿಹ್ನೆ ಹಾಕುತ್ತಿದ್ದಿರಾ? ಖಂಡಿತ ಇಲ್ಲ. ಯಾಕೆಂದರೆ ನಮ್ಮಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬಂದು ಬಾಗಿಲು ಹಾಕುತ್ತದೆ. "ತಿಳಿಯಬಯಸುತ್ತೇನೆ" ಎಂದು ಬರೆದು ಮುಗಿಸುವ ಹೊತ್ತಿಗೆ "ಯಾವಾಗ" ಎಂಬ ಪದ ನಾಲ್ಕು ಹೆಜ್ಜೆ ಹಿಂದೆ ಉಳಿದಿರುತ್ತದೆ. ಇಂಗ್ಲಿಷಿನಲ್ಲಿ "ಐ ವುಡ್ ಲೈಕ್ ಟು ನೋ" ಎಂಬುದು ಮೊದಲೇ ಬಂದುಹೋಗುತ್ತದೆ, ಪ್ರಶ್ನೆಯ ತುಂಡು ಬಾಲದಲ್ಲಿರುತ್ತದೆ. ಚಿಹ್ನೆ ಹಾಕಬೇಕಾದ ಜಾಗಕ್ಕೆ ಬೆರಳು ಬರುವಾಗ ಮನಸ್ಸಿನಲ್ಲಿ ಇರುವುದು "ಯಾವಾಗ ಹೊರಡುತ್ತದೆ" ಎಂಬುದು ಮಾತ್ರ. ಬೆರಳು ತಾನಾಗಿ ಕೊಕ್ಕೆಯ ಕೀಲಿಗೆ ಹೋಗುತ್ತದೆ.

ಇದರ ಜೊತೆಗೆ ಇನ್ನೊಂದು ಎಡವಟ್ಟು ಸೇರಿಕೊಳ್ಳುತ್ತದೆ. ನಮ್ಮ "ಎಂದು" ಬಹಳ ಉದಾರಿ. ಒಬ್ಬರ ಬಾಯಿಂದ ಬಂದ ಪ್ರಶ್ನೆಯನ್ನು ಇದ್ದಂತೆಯೇ ತನ್ನ ಹಿಂದೆ ಕೂರಿಸಿಕೊಳ್ಳುತ್ತದೆ. "ಎಲ್ಲಿಗೆ ಹೋಗುತ್ತೀರಿ ಎಂದು ಅವರು ನನ್ನನ್ನು ಕೇಳಿದರು" ಎಂಬಲ್ಲಿ ಒಳಗಿನ ಮಾತು ಒಂದಕ್ಷರವೂ ಬದಲಾಗಿಲ್ಲ. ಆ ಅಭ್ಯಾಸದಲ್ಲಿ ನಾವು "ಹೀ ಆಸ್ಕ್ಡ್ ಮಿ ವೇರ್ ಆರ್ ಯೂ ಗೋಯಿಂಗ್?" ಎಂದು ಬರೆದುಬಿಡುತ್ತೇವೆ. ಇಂಗ್ಲಿಷಿಗೆ ಆ ಉದಾರತೆ ಇಲ್ಲ. ಒಳಗಿನ ಪ್ರಶ್ನೆ ಹೇಳಿಕೆಯ ರೂಪಕ್ಕೆ ತಿರುಗಬೇಕು, "ನೀವು" ಎಂಬುದು "ನಾನು" ಆಗಬೇಕು, ಕೇಳಿದ್ದು ಹಿಂದೆ ಆದ್ದರಿಂದ ಕಾಲವೂ ಸಾಮಾನ್ಯವಾಗಿ ಹಿಂದೆ ಸರಿಯಬೇಕು: "ಹೀ ಆಸ್ಕ್ಡ್ ಮಿ ವೇರ್ ಐ ವಾಸ್ ಗೋಯಿಂಗ್." ಕೊನೆಯಲ್ಲಿ ಪೂರ್ಣವಿರಾಮ. ಅದೇ ರೀತಿ ನಿಮ್ಮ ವಾಕ್ಯ "ಐ ವುಡ್ ಲೈಕ್ ಟು ನೋ ವೆನ್ ದ ವೆಸೆಲ್ ವಿಲ್ ಸೇಲ್." ಎಂದಾಗಬೇಕು. "ವಿಲ್" ಇರುವ ಜಾಗವನ್ನು ಗಮನಿಸಿ. ಅದು "ವೆಸೆಲ್"ನ ಹಿಂದಕ್ಕೆ ಹೋದಾಗ ಚಿಹ್ನೆಯ ಕೆಲಸವೂ ಮುಗಿಯಿತು.

ಹಾಗಾಗಿ ಕಿವಿ ಪಳಗದವರಿಗೆ ನಾನು ಹೇಳಿಕೊಡುತ್ತಿದ್ದ ಉಪಾಯ ಇಷ್ಟೇ: ಅನುಮಾನ ಬಂದ ಇಂಗ್ಲಿಷ್ ವಾಕ್ಯವನ್ನು ಮನಸ್ಸಿನಲ್ಲಿ ಕನ್ನಡಕ್ಕೆ ತಿರುಗಿಸಿ, ಕೊನೆಯ ಪದವನ್ನು ಮಾತ್ರ ನೋಡಿ. ಅದು "ಕೇಳಿದರು", "ತಿಳಿಸಿ", "ಗೊತ್ತಿಲ್ಲ" ಎಂದು ಮುಗಿದರೆ ಇಂಗ್ಲಿಷಿನಲ್ಲಿ ಪೂರ್ಣವಿರಾಮ. "ಗೊತ್ತೇ", "ತಿಳಿಸುವಿರಾ", "ಅಲ್ಲವೇ" ಎಂದು ಮುಗಿದರೆ ಪ್ರಶ್ನಚಿಹ್ನೆ. "ಐ ಡೋಂಟ್ ನೋ ವೇರ್ ಹೀ ಈಸ್" ಎಂಬುದು "ಅವನು ಎಲ್ಲಿದ್ದಾನೆ ಎಂದು ನನಗೆ ಗೊತ್ತಿಲ್ಲ" ಎಂದಾಗುತ್ತದೆ, ಚಿಹ್ನೆ ಬೇಡ. "ಡೂ ಯೂ ನೋ ವೇರ್ ಹೀ ಈಸ್" ಎಂಬುದು "ನಿಮಗೆ ಗೊತ್ತೇ" ಎಂದಾಗುತ್ತದೆ, ಚಿಹ್ನೆ ಬೇಕು. ಎರಡರಲ್ಲೂ "ವೇರ್" ಇದೆ, ಆದರೆ ನಿರ್ಧರಿಸುವುದು ಅದಲ್ಲ. ಇನ್ನೂ ಸೂಕ್ಷ್ಮವಾದ ಜೋಡಿಯನ್ನೂ ಈ ಉಪಾಯ ಬೇರ್ಪಡಿಸುತ್ತದೆ: "ದ ಕ್ವೆಶ್ಚನ್ ಈಸ್ ಹೂ ವಿಲ್ ಪೇ." ಎಂದರೆ "ಹಣ ಕೊಡುವವರು ಯಾರು ಎಂಬುದೇ ಪ್ರಶ್ನೆ" ಎಂದು ಮುಗಿಯುತ್ತದೆ, ಹಾಗಾಗಿ ಪೂರ್ಣವಿರಾಮ ಸಾಕು. "ಕ್ವೆಶ್ಚನ್ ಈಸ್" ಎಂದು ಬರೆದು, ಕೋಲನ್ ಹಾಕಿ ನಿಲ್ಲಿಸಿ, ಆಮೇಲೆ ನೇರವಾಗಿ "ಹೂ ವಿಲ್ ಪೇ?" ಎಂದು ಕೇಳಿದರೆ ಚಿಹ್ನೆ ಬರುತ್ತದೆ.

"ಕೈಂಡ್ಲಿ ಕನ್ಫರ್ಮ್" ಎಂಬುದು "ದಯವಿಟ್ಟು ಖಚಿತಪಡಿಸಿ" ಎಂದಾಗುತ್ತದೆ. ಅದು ವಿನಂತಿ, ಪ್ರಶ್ನೆಯಲ್ಲ. ನಮ್ಮ ದೇಶದ ಕಚೇರಿಗಳಲ್ಲಿ ಈ ಒಂದು ಚಿಹ್ನೆ ಎಷ್ಟು ಹಬ್ಬಿದೆ ಎಂದರೆ, ಅದನ್ನು ಹಾಕದಿದ್ದರೆ ಒರಟಾಗುತ್ತದೆ ಎಂದು ಭಾವಿಸುವವರೂ ಇದ್ದಾರೆ. ವಿನಯ ಬೇಕಾದಷ್ಟು "ಕೈಂಡ್ಲಿ"ಯಲ್ಲೇ ಇದೆ.

ಕರಡು ತಿದ್ದುವವ, ಬಲ್ಮಠ:

ಮಾಸ್ಟ್ರು ಹೇಳಿದ ಉಪಾಯವನ್ನು ನಾನು ಇನ್ನು ಮುಂದೆ ನನ್ನದೆಂದೇ ಹೇಳಿಕೊಂಡು ತಿರುಗುವವನಿದ್ದೇನೆ. ಅವರು ಬಿಟ್ಟದ್ದು ಉದ್ಧರಣ ಚಿಹ್ನೆಯ ಪ್ರಶ್ನೆ, ಅದು ನನ್ನ ಹೊಟ್ಟೆಪಾಡಿನ ವಿಷಯವಾದ್ದರಿಂದ ನಾನೇ ಉತ್ತರಿಸುತ್ತೇನೆ. ಮುದ್ರಣಾಲಯಗಳಲ್ಲಿ ಇಂಗ್ಲಿಷ್ ಮತ್ತು ಕನ್ನಡ ಎರಡರ ಕರಡನ್ನೂ ತಿದ್ದಿದ ಅನುಭವದಿಂದ ಬರೆಯುತ್ತಿದ್ದೇನೆ.

ಯಾರು ಕೇಳುತ್ತಿದ್ದಾರೆ ಎಂದು ನೋಡಿದರೆ ಜಾಗ ತಾನಾಗಿ ಗೊತ್ತಾಗುತ್ತದೆ. ಉದ್ಧರಿಸಿದ ಮಾತೇ ಪ್ರಶ್ನೆಯಾಗಿದ್ದರೆ ಚಿಹ್ನೆ ಒಳಗೆ: ದ ಬಯರ್ ಆಸ್ಕ್ಡ್, "ವೇರ್ ಈಸ್ ದ ಇನ್‌ವಾಯ್ಸ್?" ಇಲ್ಲಿ ಕೇಳಿದವರು ಖರೀದಿದಾರರು. ಉದ್ಧರಿಸಿದ್ದು ಬರೀ ಹೇಳಿಕೆಯಾಗಿದ್ದು, ಅದರ ಬಗ್ಗೆ ನೀವು ಕೇಳುತ್ತಿದ್ದರೆ ಚಿಹ್ನೆ ಹೊರಗೆ: ಡಿಡ್ ದ ಬಯರ್ ಸೇ, "ದ ಇನ್‌ವಾಯ್ಸ್ ಈಸ್ ರಾಂಗ್"? ಇಲ್ಲಿ ಕೇಳುವವರು ನೀವು. ಇಬ್ಬರೂ ಕೇಳುತ್ತಿದ್ದರೆ, ಅಂದರೆ ಪ್ರಶ್ನೆಯನ್ನು ಕುರಿತ ಪ್ರಶ್ನೆಯಾಗಿದ್ದರೆ, ಎರಡು ಚಿಹ್ನೆ ಹಾಕುವ ಕ್ರಮ ಇಲ್ಲ. ಒಳಗಿನದು ಒಂದೇ ಸಾಕು. ಪೂರ್ಣವಿರಾಮ ಮತ್ತು ಅಲ್ಪವಿರಾಮಗಳ ವಿಷಯದಲ್ಲಿ ಅಮೆರಿಕದವರದ್ದು ಒಂದು ಪದ್ಧತಿ, ಬ್ರಿಟನ್ನಿನವರದ್ದು ಇನ್ನೊಂದು, ಆದರೆ ಪ್ರಶ್ನಚಿಹ್ನೆಯ ವಿಷಯದಲ್ಲಿ ಇಬ್ಬರೂ ಒಂದೇ ಎಂಬುದು ನಮ್ಮಂಥವರ ಪುಣ್ಯ.

ನನ್ನ ಮೇಜಿಗೆ ದಿನವೂ ಬರುವ ತಪ್ಪು ಬೇರೆ. "ವೇರ್ ಈಸ್ ದ ಇನ್‌ವಾಯ್ಸ್?" ಎಂದು ಮೊದಲು ಬರೆದು ಆಮೇಲೆ "ಹೀ ಆಸ್ಕ್ಡ್" ಎಂದು ಸೇರಿಸುವವರು ಪ್ರಶ್ನಚಿಹ್ನೆಯ ಬೆನ್ನಿಗೇ ಒಂದು ಅಲ್ಪವಿರಾಮವನ್ನೂ ಅಂಟಿಸುತ್ತಾರೆ. ಬೇಡ, ಪ್ರಶ್ನಚಿಹ್ನೆ ಇದ್ದಲ್ಲಿ ಅಲ್ಪವಿರಾಮ ಜಾಗ ಬಿಟ್ಟುಕೊಡುತ್ತದೆ, ಪೂರ್ಣವಿರಾಮವೂ ಅಷ್ಟೇ. ಹಾಗೆಂದು "6 ಪಿ.ಎಂ." ಎಂಬಂಥ ಸಂಕ್ಷಿಪ್ತ ರೂಪದ ಚುಕ್ಕೆಯನ್ನು ಅಳಿಸಬಾರದು. ಅದು ಪದದ ಚುಕ್ಕೆ, ವಾಕ್ಯದ್ದಲ್ಲ. ಅದರ ಮುಂದೆ ಪ್ರಶ್ನಚಿಹ್ನೆ ಬರಲಿ.

ಇನ್ನೊಂದು ಚಾಳಿ, ಚಿಹ್ನೆಗೆ ಮೊದಲು ಒಂದು ಜಾಗ ಬಿಡುವುದು. ಫ್ರೆಂಚ್ ಮುದ್ರಣದಲ್ಲಿ ಪ್ರಶ್ನಚಿಹ್ನೆಗೆ ಮೊದಲು ಸಣ್ಣ ಜಾಗ ಬಿಡುತ್ತಾರೆ; ಇಂದಿನ ಇಂಗ್ಲಿಷಿನಲ್ಲಿ ಅದು ತಪ್ಪು. ಟೈಪಿಂಗ್ ಕಲಿತ ಹಿರಿಯ ಗುಮಾಸ್ತರಲ್ಲಿ ಅನೇಕರಿಗೆ ಹೇಗೋ ಈ ಅಭ್ಯಾಸ ಅಂಟಿಕೊಂಡಿದೆ. ಜಾಗ ಬಿಟ್ಟರೆ ಏನಾಗುತ್ತದೆ ಎಂದರೆ, ಸಾಲಿನ ಕೊನೆಯಲ್ಲಿ ಎಡೆ ಸಾಲದಾದಾಗ ಪದವೆಲ್ಲ ಮೇಲೆಯೇ ಉಳಿದು ಚಿಹ್ನೆ ಮಾತ್ರ ಮುಂದಿನ ಸಾಲಿನ ಆರಂಭಕ್ಕೆ ಒಂಟಿಯಾಗಿ ಬಂದು ನಿಲ್ಲುತ್ತದೆ. ಮದುವೆಯ ಕರೆಯೋಲೆಯೊಂದರಲ್ಲಿ ನಾನು ಅದನ್ನು ಕಣ್ಣಾರೆ ಕಂಡಿದ್ದೇನೆ. ಮುಂದಿನ ಸಾಲಿನಲ್ಲಿದ್ದದ್ದು ವರನ ಹೆಸರು, ಅದಕ್ಕೆ ಮೊದಲು ಈ ಪ್ರಶ್ನಚಿಹ್ನೆ.

ಕನ್ನಡದ ಪ್ರಶ್ನೆಗೆ ಚಿಹ್ನೆ ಮೇಲೊಗ್ಗರಣೆ ಎಂದು ಮಾಸ್ಟ್ರು ಹೇಳಿದ್ದಕ್ಕೆ ನಮ್ಮ ಊರಿನ ಚರಿತ್ರೆಯಿಂದಲೇ ಒಂದು ಮಾತು ಸೇರಿಸುತ್ತೇನೆ. ಉಡುಪಿಯ ಮಠಗಳಲ್ಲಿರುವ ತುಳು ಲಿಪಿಯ ತಾಳೆಗರಿಗಳಲ್ಲಿ ಈ ಕೊಕ್ಕೆಯನ್ನು ಹುಡುಕಿದರೆ ಸಿಗುವುದಿಲ್ಲ. ಅಲ್ಲಿರುವುದು ದಂಡ, ಅಂದರೆ ನೆಟ್ಟಗಿನ ಗೆರೆ. ಪ್ರಶ್ನಚಿಹ್ನೆ ನಮ್ಮ ಭಾಷೆಗೆ ಬಂದದ್ದು ಪಾಶ್ಚಾತ್ಯ ಮುದ್ರಣದ ಜೊತೆಯಲ್ಲಿ. ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಮುದ್ರಣಾಲಯ ತೆರೆದದ್ದು 1841ರಲ್ಲಿ. ಹರ್ಮನ್ ಮೋಗ್ಲಿಂಗ್ ಅವರು "ಮಂಗಳೂರ ಸಮಾಚಾರ"ವನ್ನು ಕಲ್ಲಚ್ಚಿನಲ್ಲಿ ಹೊರಡಿಸಿದ್ದು 1843ರ ಜುಲೈ 1ರಂದು. ಕಿಟೆಲ್ ಅವರ ನಿಘಂಟು ಇಲ್ಲಿಯೇ ಅಚ್ಚಾದದ್ದು 1894ರಲ್ಲಿ. ಅದಕ್ಕೆ ಮೊದಲಿನ ಶತಮಾನಗಳಲ್ಲಿ ಕನ್ನಡಿಗರು ಪ್ರಶ್ನೆ ಕೇಳದೆ ಇರಲಿಲ್ಲ. ಚಿಹ್ನೆಯ ಹಂಗಿಲ್ಲದೆ ಕೇಳುತ್ತಿದ್ದರು. ಆ ಹಳೆಯ ನಿರಾತಂಕ ಇನ್ನೂ ನಮ್ಮ ಕೈಯಲ್ಲಿದೆ, ಇಂಗ್ಲಿಷ್ ಬರೆಯುವಾಗ ತೊಂದರೆ ಕೊಡುತ್ತದೆ.

ಮಣಿಪಾಲದಿಂದ ಒಬ್ಬ:

ಮಾಸ್ಟ್ರ ಬಗ್ಗೆ ಗೌರವ ಇಟ್ಟುಕೊಂಡೇ ಒಂದು ಭಿನ್ನಾಭಿಪ್ರಾಯ ಹೇಳುತ್ತೇನೆ. ನಾನು ಇಲ್ಲಿನ ಒಂದು ಸಾಫ್ಟ್‌ವೇರ್ ಕಂಪೆನಿಯಲ್ಲಿ ಗ್ರಾಹಕರ ಪತ್ರಗಳಿಗೆ ಉತ್ತರಿಸುವ ಕೆಲಸದಲ್ಲಿದ್ದೇನೆ. "ಕುಡ್ ಯೂ ಪ್ಲೀಸ್ ಸೆಂಡ್ ದ ಡ್ರಾಫ್ಟ್" ಎಂಬುದನ್ನು ಕನ್ನಡಕ್ಕೆ ತಿರುಗಿಸಿದರೆ "ಕಳುಹಿಸುವಿರಾ" ಎಂದೂ ಆಗಬಹುದು, "ದಯವಿಟ್ಟು ಕಳುಹಿಸಿ" ಎಂದೂ ಆಗಬಹುದು. ಅಂದರೆ ಮೇಡಂ ನೇರವಾಗಿ ಕೇಳಿದ ಪ್ರಶ್ನೆಯಲ್ಲಿಯೇ ಉಪಾಯ ಕೈಕೊಡುತ್ತದೆ.

ಇಂಗ್ಲಿಷಿನವರಲ್ಲಿಯೂ ಇಲ್ಲಿ ಸಡಿಲಿಕೆ ಇದೆ. ಷಿಕಾಗೊ ವಿಶ್ವವಿದ್ಯಾಲಯದ ಮುದ್ರಣಾಲಯದವರ ಪ್ರಸಿದ್ಧ ಶೈಲಿ ಕೈಪಿಡಿಯ ಪ್ರಕಾರ, ಪ್ರಶ್ನೆಯ ವೇಷ ತೊಟ್ಟ ವಿನಯದ ವಿನಂತಿಗೆ ಪ್ರಶ್ನಚಿಹ್ನೆ ಕಡ್ಡಾಯವಲ್ಲ. "ವುಡ್ ಎವ್ರಿವನ್ ಪ್ಲೀಸ್ ಬಿ ಸೀಟೆಡ್" ಎಂದು ಸಭೆಯಲ್ಲಿ ಹೇಳುವವರು ಉತ್ತರವನ್ನು ಕಾಯುವುದಿಲ್ಲ, ಜನ ಕೂರುವುದನ್ನು ಕಾಯುತ್ತಾರೆ. ಹಾಗಾಗಿ ವ್ಯಾಕರಣದ ದೃಷ್ಟಿಯಿಂದ ಪೂರ್ಣವಿರಾಮವೂ ನಡೆಯುತ್ತದೆ. ಆದರೂ ನನ್ನ ಸಲಹೆ ಏನೆಂದರೆ, ವ್ಯವಹಾರದ ಪತ್ರದಲ್ಲಿ "ಕುಡ್ ಯೂ", "ವುಡ್ ಯೂ", "ಮೇ ಐ" ಎಂದು ಶುರುವಾದರೆ ಚಿಹ್ನೆ ಹಾಕಿಬಿಡಿ. ಎದುರಿನವರಿಗೆ "ಆಗುವುದಿಲ್ಲ" ಎನ್ನುವ ಅವಕಾಶ ಕೊಟ್ಟಂತೆ ಆಗುತ್ತದೆ, ಅದೇ ಅಲ್ಲಿಯ ವಿನಯ. ಪೂರ್ಣವಿರಾಮ ಹಾಕಿದ "ಕುಡ್ ಯೂ" ಓದುವಾಗ ನನಗೆ ಯಾವಾಗಲೂ, ಬಾಗಿಲಲ್ಲಿ ನಿಂತು "ಸ್ವಲ್ಪ ಬರ್ತೀರಾ" ಎಂದು ಹಲ್ಲು ಕಚ್ಚಿ ಕರೆಯುವವರ ಮುಖ ನೆನಪಾಗುತ್ತದೆ.

ಇನ್ನೊಂದು ವಿಷಯ, ಚಿಹ್ನೆಗಳ ಸಂಖ್ಯೆ. ವಾಟ್ಸ್ಆ್ಯಪಿನಲ್ಲಿ "ರಿಪ್ಲೈ??" ಎಂದು ಎರಡು ಹಾಕುವವರು ಅವಸರವನ್ನು ತೋರಿಸುತ್ತಿದ್ದೇವೆ ಎಂದುಕೊಳ್ಳುತ್ತಾರೆ, ಓದುವವರಿಗೆ ಅದು ಗದರಿಕೆಯಂತೆ ಕಾಣುತ್ತದೆ. ಪತ್ರದಲ್ಲಿ ಒಂದು ಪ್ರಶ್ನೆಗೆ ಒಂದೇ. ಪ್ರಶ್ನೆ ಮತ್ತು ಆಶ್ಚರ್ಯ ಎರಡನ್ನೂ ಒಟ್ಟಿಗೆ ತೋರಿಸಬೇಕು ಎನ್ನುವ ಆಸೆ ಹೊಸದಲ್ಲ. ಅಮೆರಿಕದ ಜಾಹೀರಾತು ಕ್ಷೇತ್ರದ ಮಾರ್ಟಿನ್ ಸ್ಪೆಕ್ಟರ್ ಎಂಬವರು 1962ರಲ್ಲಿ ಎರಡನ್ನೂ ಒಂದರ ಮೇಲೊಂದು ಕೂರಿಸಿ ಹೊಸ ಚಿಹ್ನೆಯನ್ನೇ ಸೂಚಿಸಿದರು, ಇಂಟೆರೋಬ್ಯಾಂಗ್ ಎಂದು ಅದಕ್ಕೆ ಹೆಸರು. ಕೆಲವು ಟೈಪ್‌ರೈಟರುಗಳಲ್ಲಿ ಅದಕ್ಕೊಂದು ಕೀಲಿಯೂ ಬಂದಿತ್ತು, ಬಳಕೆಯಲ್ಲಿ ಮಾತ್ರ ನಿಲ್ಲಲಿಲ್ಲ.

ಅಂಕಿಯ ಪಕ್ಕದಲ್ಲಿ ಕಂಸದೊಳಗೆ ಒಂದು ಪ್ರಶ್ನಚಿಹ್ನೆ ಹಾಕುವ ಪದ್ಧತಿಯ ಬಗ್ಗೆಯೂ ಎಚ್ಚರ ಇರಲಿ. ಚರಿತ್ರೆಯ ಬರಹದಲ್ಲಿ ಒಬ್ಬರ ಜನ್ಮವರ್ಷ ಖಚಿತವಿಲ್ಲದಾಗ ಹಾಗೆ ಬರೆಯುವುದು ಸರಿ. ಖರೀದಿದಾರರು ಹೇಳಿದ ತೂಕದ ಪಕ್ಕದಲ್ಲಿ ನೀವು ಹಾಗೆ ಹಾಕಿದರೆ, ಅವರ ತಕ್ಕಡಿಯನ್ನೇ ಅನುಮಾನಿಸಿದಂತೆ ಆಗುತ್ತದೆ.

ನಿವೃತ್ತ ಮಾಸ್ಟ್ರು, ಕುಂಜಿಬೆಟ್ಟು:

ಮಣಿಪಾಲದವರ ಆಕ್ಷೇಪ ನ್ಯಾಯವಾದದ್ದು, ಒಪ್ಪಿದೆ. ವಿನಂತಿಯ ವಾಕ್ಯಗಳಲ್ಲಿ ನನ್ನ ಉಪಾಯ ಎರಡೂ ಕಡೆ ವಾಲುತ್ತದೆ. ಅಲ್ಲಿ ಅವರು ಹೇಳಿದಂತೆಯೇ ಮಾಡಿ. ಆದರೆ ಒಂದು ಷರತ್ತು. ವಿನಂತಿ ನಾಲ್ಕು ಸಾಲು ಉದ್ದವಾಗಿ, ನಡುವೆ ಕಾರಣ, ದಿನಾಂಕ, ಬ್ಯಾಂಕಿನ ವಿವರ ಎಲ್ಲ ಸೇರಿ, ಕೊನೆಗೆ ತಲುಪುವಾಗ "ಕುಡ್ ಯೂ" ಎಂಬುದು ಓದುವವರಿಗೆ ಮರೆತೇ ಹೋಗಿದ್ದರೆ, ಅಲ್ಲಿ ಬರುವ ಪ್ರಶ್ನಚಿಹ್ನೆ ಎಲ್ಲಿಂದಲೋ ಹಾರಿ ಬಂದಂತೆ ಕಾಣುತ್ತದೆ. ಆಗ ಚಿಹ್ನೆಯನ್ನು ತಿದ್ದುವುದಲ್ಲ, ವಾಕ್ಯವನ್ನೇ ಎರಡಾಗಿ ಕತ್ತರಿಸಬೇಕು.

ಗೇರುಬೀಜದ ಗುಮಾಸ್ತೆ, ಮಂಗಳೂರು:

ಮೂವರಿಗೂ ಬಹಳ ಕೃತಜ್ಞತೆಗಳು. ನಿನ್ನೆ ರಾತ್ರಿ ಹಳೆಯ ಹತ್ತು ಪತ್ರಗಳನ್ನು ತೆಗೆದು, ಪ್ರತಿ ವಾಕ್ಯವನ್ನೂ ಕನ್ನಡಕ್ಕೆ ತಿರುಗಿಸಿ ಕೊನೆಯ ಪದ ನೋಡುತ್ತಾ ಹೋದೆ. ನನ್ನ ಮಗಳು ಪಕ್ಕದಲ್ಲಿ ಕುಳಿತು "ತಿಳಿಸಿ, ಚುಕ್ಕೆ, ಗೊತ್ತೇ, ಕೊಕ್ಕೆ" ಎಂದು ಹಾಡಿನಂತೆ ಹೇಳುತ್ತಿದ್ದಳು. ಹತ್ತು ಪತ್ರಗಳಲ್ಲಿ ಒಟ್ಟು ಇಪ್ಪತ್ತಮೂರು ಕೊಕ್ಕೆಗಳಿದ್ದವು, ಹದಿನಾಲ್ಕನ್ನು ತೆಗೆಯಬೇಕಾಯಿತು.

ಈಗ ಹೊಸದಾಗಿ ಬರೆದ ಪತ್ರದ ಮುಖ್ಯ ಭಾಗವನ್ನು ಇಲ್ಲಿ ಹಾಕುತ್ತಿದ್ದೇನೆ, ದಯವಿಟ್ಟು ನೋಡಿ. "ವಿ ಹ್ಯಾವ್ ಸೆಂಟ್ ದ ಡಾಕ್ಯುಮೆಂಟ್ಸ್ ಬೈ ಕೊರಿಯರ್. ಐ ಹೋಪ್ ಯೂ ಹ್ಯಾವ್ ರಿಸೀವ್ಡ್ ದೆಮ್? ಪ್ಲೀಸ್ ಲೆಟ್ ಅಸ್ ನೋ ವೆದರ್ ದ ವೆಸೆಲ್ ಹ್ಯಾಸ್ ಲೆಫ್ಟ್ ಪಣಂಬೂರ್. ಕುಡ್ ಯೂ ಪ್ಲೀಸ್ ಸೆಂಡ್ ದ ಡ್ರಾಫ್ಟ್ ಬಿಲ್ ಆಫ್ ಲೇಡಿಂಗ್ ಟುಡೇ? ಯೂ ವಿಲ್ ನೀಡ್ ತ್ರೀ ಕಾಪೀಸ್, ವೋಂಟ್ ಯೂ?"

"ವೆದರ್" ಇರುವ ವಾಕ್ಯಕ್ಕೆ ಚಿಹ್ನೆ ಬೇಡ ಎಂಬುದು ಈಗ ಖಚಿತವಾಗಿದೆ, ಯಾಕೆಂದರೆ ಅದು "ತಿಳಿಸಿ" ಎಂದು ಮುಗಿಯುತ್ತದೆ. "ಐ ಹೋಪ್" ಎಂಬ ವಾಕ್ಯದಲ್ಲಿ ಮಾತ್ರ ನನ್ನ ಮನಸ್ಸು ಗಟ್ಟಿಯಾಗಲಿಲ್ಲ. ನಾನು ನಿಜಕ್ಕೂ ಅವರಿಂದ ಉತ್ತರ ಬಯಸುತ್ತಿದ್ದೇನೆ, ಹಾಗಾಗಿ ಚಿಹ್ನೆಯನ್ನು ಉಳಿಸಿಕೊಂಡೆ.

ನಿವೃತ್ತ ಮಾಸ್ಟ್ರು, ಕುಂಜಿಬೆಟ್ಟು:

ಕೊನೆಯ ವಾಕ್ಯ ಬಹಳ ಚೆನ್ನಾಗಿದೆ. ಕ್ವೆಶ್ಚನ್ ಟ್ಯಾಗಿಗೆ ಮೊದಲು ಅಲ್ಪವಿರಾಮ, ಕೊನೆಗೆ ಪ್ರಶ್ನಚಿಹ್ನೆ, ಎರಡೂ ಸರಿಯಾಗಿ ಬಂದಿವೆ. "ಬೇಕಾಗುತ್ತದೆ, ಅಲ್ಲವೇ?" ಎಂಬುದರ ತದ್ರೂಪ.

ನಿಮ್ಮ ಮನಸ್ಸು ಗಟ್ಟಿಯಾಗದ ವಾಕ್ಯವನ್ನು ತಿರುಗಿಸಿ ನೋಡಿ: "ನಿಮಗೆ ತಲುಪಿವೆ ಎಂದು ಭಾವಿಸುತ್ತೇನೆ." ನೀವು ಭಾವಿಸುತ್ತೀರೋ ಇಲ್ಲವೋ ಎಂಬುದನ್ನು ಅವರಲ್ಲಿ ಕೇಳುವಂತಿಲ್ಲ, ಅದು ನಿಮಗೇ ಗೊತ್ತಿರುವ ವಿಷಯ. ಹಾಗಾಗಿ ಪೂರ್ಣವಿರಾಮ. "ಐ ವಂಡರ್", "ಐ ಗೆಸ್", "ಐ ಸಪೋಸ್" ಎಂದು ಶುರುವಾಗುವುದೆಲ್ಲ ಸಾಮಾನ್ಯವಾಗಿ ಇದೇ ಸಾಲಿಗೆ ಸೇರುತ್ತದೆ. ಮನಸ್ಸಿನಲ್ಲಿ ಉತ್ತರದ ನಿರೀಕ್ಷೆ ಇದೆ ಎಂಬ ಕಾರಣಕ್ಕೆ ಚಿಹ್ನೆ ಬರುವುದಿಲ್ಲ. ವಾಕ್ಯ ಪ್ರಶ್ನೆಯಾಗಿದ್ದರೆ ಬರುತ್ತದೆ. ಉತ್ತರ ಬೇಕೇ ಬೇಕು ಎಂದಾದರೆ ಭಾವಿಸುವುದನ್ನು ಬಿಟ್ಟು "ಹ್ಯಾವ್ ಯೂ ರಿಸೀವ್ಡ್ ದೆಮ್?" ಎಂದು ನೇರವಾಗಿ ಕೇಳಿ. ಅದರಲ್ಲಿ ಒರಟುತನವೇನೂ ಇಲ್ಲ ಮಾರಾಯರೇ. ನೇರವಾಗಿ ಕೇಳಿದ್ದಕ್ಕೆ ಜನ ಬೇಗ ಉತ್ತರಿಸುತ್ತಾರೆ.

ಕರಡು ತಿದ್ದುವವ, ಬಲ್ಮಠ:

ಎಲ್ಲ ಸರಿ, ವಿಷಯದ ಸಾಲು ಎಲ್ಲಿ? ಕಾರ್ಟನುಗಳನ್ನು ಬಿಚ್ಚಿಸಿದ್ದು ಅದೇ ಅಲ್ಲವೇ?

ಗೇರುಬೀಜದ ಗುಮಾಸ್ತೆ, ಮಂಗಳೂರು:

ಮರೆತೇಹೋಗಿತ್ತು. ವಿಷಯದ ಸಾಲಿನಲ್ಲಿ ಈಗ "ಈಸ್ ದ ಡಬ್ಲ್ಯೂ 240 ಸ್ಯಾಂಪಲ್ ಅಪ್ರೂವ್ಡ್?" ಎಂದು ಬರೆದಿದ್ದೇನೆ, "ಈಸ್" ಕೂಡ ಇದೆ, ಕೊಕ್ಕೆಯೂ ಇದೆ, ಒಂದು ಬಿಟ್ಟುಹೋದರೂ ಇನ್ನೊಂದು ಕಾಯುತ್ತದೆ. ಪ್ಯಾಕಿಂಗ್ ವಿಭಾಗಕ್ಕೆ ಪ್ರತಿ ಹಾಕುವುದನ್ನು ಸೂಪರ್‌ವೈಸರರೇ ಬೇಡವೆಂದಿದ್ದಾರೆ. ಖರೀದಿದಾರರ ಉತ್ತರ ಬಂದ ಮೇಲೆ ಅದನ್ನು ಅಚ್ಚು ಹಾಕಿ, ನಾನೇ ಮೆಟ್ಟಿಲಿಳಿದು ಹೋಗಿ ಅವರ ಕೈಯಲ್ಲಿ ಕೊಡಬೇಕಂತೆ.